ಫೋನಮ್ಮನ ಸಾರು

ದೊಡ್ಡ ಮಗಳು ಹುಟ್ಟಿದಾಗ ತೀರಾ ಸಣ್ಣಗಿದ್ದಳು. ಅವಳಪ್ಪ ಅಂಗೈ ಮೇಲೆ ಮಲಗಿಸಿಕೊಂಡು, "ಇದೇನೇ, ಜೀರಿಗೆ ಕಾಳಿನಷ್ಟಿದೆ" ಎಂದರು. ಅಂದಿನಿಂದ ಅವಳು ಜೀರಿಗೆ. ಎಷ್ಟೋ ವರ್ಷದ ಮೇಲೆ ಇಲ್ಲಿ, ಈ ಪರದೇಶದಲ್ಲಿ ಹುಟ್ಟಿದ ಚಿಕ್ಕವಳು ಗುಂಡುಗುಂಡಗಿದ್ದಳು, ಅವಳು ಪುಟಾಣಿಯಾದಳು. "ನಮಗೆ ಮಕ್ಕಳೆಲ್ಲಿ, ಬರೀ ದಿನಸಿ ಸಾಮಾನು" ಎಂದು ಇವರು ನಗುತ್ತಿದ್ದರು.

ಆ ಸಾಮಾನು ಎರಡು ಬೇರೆ ಬೇರೆ ಮನೆಯಲ್ಲಿತ್ತು. ನಾವು ಇಲ್ಲಿಗೆ ಹೊರಟಾಗ ಜೀರಿಗೆಗೆ ಎರಡು ತುಂಬಿರಲಿಲ್ಲ. ಕಾಗದಪತ್ರ ಆಗಿದ್ದದ್ದು ನಮ್ಮಿಬ್ಬರದು ಮಾತ್ರ. ನನ್ನ ತಂಗಿ ಅವಳನ್ನು ಸೊಂಟಕ್ಕೇರಿಸಿಕೊಂಡಳು. ತಂಗಿ ಹೊಲಿಗೆ ಕೆಲಸದವಳು, ಮದುವೆಯ ಗೊಡವೆಗೆ ಹೋದವಳಲ್ಲ. "ಒಂದು ವರ್ಷ ತಾನೇ ಅಕ್ಕ? ಮಿಷನ್ ಪಕ್ಕ ಬಟ್ಟೆ ಚೂರಲ್ಲಿ ಆಡ್ಕೊಂಡಿರ್ತಾಳೆ, ನೀನು ಹೋಗು" ಎಂದಳು. ಆ ಒಂದು ವರ್ಷ ಬೆಳೆಯುತ್ತಾ ಬೆಳೆಯುತ್ತಾ ಹನ್ನೊಂದಾಯಿತು. ಮಾತು ಕಲಿತ ಜೀರಿಗೆ ಹೊಲಿಗೆ ಮಿಷನ್ನಿನ ಹಿಂದೆ ಕೂತವಳನ್ನು ಅಮ್ಮ ಎಂದಳು, ಪರದೆಯಲ್ಲಿ ಕಾಣುವವಳನ್ನು ಫೋನಮ್ಮ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳನ್ನು ಕರೆಸಿಕೊಳ್ಳಬೇಕು ಅನ್ನುವುದು ನಮ್ಮ ಮನೆಯ ಒಂದೇ ಗುರಿಯಾಗಿತ್ತು. ಅದಕ್ಕೆ ಕಾಗದಪತ್ರ ಬೇಕು, ಟಿಕೆಟ್ ಬೇಕು, ಮಗುವಿಗೆಂದೇ ಒಂದು ಮಂಚ ಹಿಡಿಸುವಂಥ ಮನೆ ಬೇಕು. ಇವರು ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾರೆ, ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತೇನೆ. ಬಾಡಿಗೆ ನಮ್ಮ ಮಾತು ಕೇಳುವುದಿಲ್ಲ, ಬಸ್ ಪಾಸು ಕೇಳುವುದಿಲ್ಲ, ಚಳಿಗಾಲದ ಹೀಟರ್ ಬಿಲ್ಲಂತೂ ಯಾರ ಮಾತನ್ನೂ ಕೇಳುವುದಿಲ್ಲ. ನಮ್ಮ ಮಾತು ಕೇಳುತ್ತಿದ್ದದ್ದು ಒಲೆ ಒಂದೇ.

ಹಾಗಾಗಿ ಅಂಗಡಿಯ ಸಿದ್ಧ ಊಟದ ಪೊಟ್ಟಣ ಯಾವುದೂ ನಮ್ಮ ಹೊಸ್ತಿಲು ದಾಟಲಿಲ್ಲ. ಹಿಟ್ಟು ಕಲಸಿ ಬ್ರೆಡ್ಡು ನಾನೇ ಸುಡುತ್ತಿದ್ದೆ. ಮೊಸರಿಗೆ ನಾನೇ ಹೆಪ್ಪು ಹಾಕುತ್ತಿದ್ದೆ. ಸಂತೆ ಮುಚ್ಚುವ ಹೊತ್ತಿಗೆ ಹೋಗಿ ಬಿರಿದ ಟೊಮೆಟೊ, ಬಾಡಿದ ಸೊಪ್ಪು ಆರಿಸಿ ತರುತ್ತಿದ್ದೆ. ಕೊತ್ತಂಬರಿ ದಂಟು ಸಾರಿಗೆ, ಹೂಕೋಸಿನ ಎಲೆ ಪಲ್ಯಕ್ಕೆ. "ಈ ಮನೇಲಿ ಈರುಳ್ಳಿ ಸಿಪ್ಪೆಗೂ ಡ್ಯೂಟಿ ಹಾಕಿದಾಳೆ" ಎಂದು ಇವರು ಸ್ನೇಹಿತರ ಹತ್ತಿರ ಹೇಳುತ್ತಿದ್ದರು. ಕೆಲಸದ ಜಾಗದಲ್ಲಿ ಉಳಿದವರು ಗುಂಡಿ ಒತ್ತಿ ಯಂತ್ರದಿಂದ ಪೊಟ್ಟಣ ಬೀಳಿಸಿಕೊಂಡು ತಿನ್ನುವಾಗ ನಾನು ಡಬ್ಬಿ ಬಿಚ್ಚುತ್ತಿದ್ದೆ. ಒಂದೊಂದು ತುತ್ತಿಗೂ ಮಗಳು ಒಂದೊಂದು ಹೆಜ್ಜೆ ಹತ್ತಿರ ಬರುತ್ತಿದ್ದಾಳೆ ಅನ್ನಿಸುತ್ತಿತ್ತು. ಹಾಗೆ ಅಂದುಕೊಂಡರೆ ತಣ್ಣಗಿನ ಅನ್ನವೂ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ.

ಸಾರಿನ ಪುಡಿ ಮಾತ್ರ ಅಮ್ಮನ ಕೈಯಿಂದ ನನಗೆ, ನನ್ನಿಂದ ತಂಗಿಗೆ ಬಂದದ್ದು. ಮೊದಲ ವರ್ಷ ಅದನ್ನು ಹಾಗೆಯೇ ಮಾಡಿದೆ. ಆಮೇಲೆ ಒಂದೊಂದೇ ಕಳಚಿತು. ಕರಿಬೇವು ಇಲ್ಲಿ ಬಂಗಾರದ ಬೆಲೆಗೆ ಸಿಗುತ್ತದೆ, ಬಿಟ್ಟೆ. ಕೊಬ್ಬರಿ ಬಿಟ್ಟೆ. ಹುಣಸೆಹಣ್ಣಿನ ಬದಲು ಬಿರಿದ ಟೊಮೆಟೊ, ಸಾಲದಿದ್ದರೆ ಎರಡು ಹನಿ ವಿನೆಗರ್. ತೊಗರಿಬೇಳೆಯ ಬದಲು ಬೇಗ ಬೇಯುವ ಅಗ್ಗದ ಕೆಂಪು ಬೇಳೆ. ಒಗ್ಗರಣೆಗೆ ತುಪ್ಪ ಹೋಗಿ ಎಣ್ಣೆ ಬಂತು. ಇದೆಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಅಡುಗೆಮನೆಯ ಚಾವಣಿಯಲ್ಲಿ ಹೊಗೆ ಕಂಡರೆ ಕಿರುಚುವ ಗಂಟೆಯೊಂದಿದೆ. ಮೆಣಸಿನಕಾಯಿ ಘಮ್ಮೆನ್ನುವ ಮೊದಲೇ ಅದು ಕಿರುಚುತ್ತದೆ, ಕೆಳಗಿನ ಮನೆಯ ಮುದುಕ ಕಸಬರಿಗೆಯಿಂದ ತನ್ನ ಚಾವಣಿ ಕುಟ್ಟುತ್ತಾನೆ. ಹಾಗಾಗಿ ಮಸಾಲೆಯನ್ನು ಬರೀ ಬೆಚ್ಚಗೆ ಮಾಡಿ ಪುಡಿ ಮಾಡುವುದು ರೂಢಿಯಾಯಿತು. ದಿನಾ ತಿನ್ನುವ ನಮಗೆ ರುಚಿ ಬದಲಾದದ್ದು ತಿಳಿಯಲೇ ಇಲ್ಲ. ಮಕ್ಕಳು ಬೆಳೆಯುವುದು ಮನೆಯವರ ಕಣ್ಣಿಗೆ ಕಾಣದ ಹಾಗೆ.

ಕೊನೆಗೂ ಈ ಬೇಸಿಗೆ ರಜೆಗೆ ಜೀರಿಗೆ ಬಂದಳು. ಹದಿಮೂರರ ಹುಡುಗಿ, ನನ್ನ ಭುಜ ದಾಟಿದ್ದಳು. ಕಳಿಸುವಾಗ ತಂಗಿ ಒಂದೇ ಮಾತು ಹೇಳಿದ್ದಳು. "ಅಲ್ಲಿ ಮನಸ್ಸು ನಿಂತ್ರೆ ಇಟ್ಕೋ ಅಕ್ಕ. ನಿನ್ನ ಮಗಳು. ನಿಲ್ಲದಿದ್ರೆ ಮಾತ್ರ ಬಲವಂತ ಮಾಡಬೇಡ." ಇಲ್ಲಿನ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಕಿಟಕಿ ಪಕ್ಕ ಹೊಸ ಮಂಚ ಹಾಕಿದ್ದೆವು. ವಾಪಸ್ಸಿನ ಟಿಕೆಟ್ಟೂ ಇತ್ತು. ಅದನ್ನು ಹರಿದುಹಾಕುವಂಥ ದಿನ ಬರಲಿ ಎಂದು ನಾನು ಕಾಯುತ್ತಿದ್ದೆ.

ಮೊದಲ ದಿನ ಅನ್ನ, ಸಾರು ಬಡಿಸಿದೆ. ಅವಳು ಕಲಸಿ ಒಂದು ತುತ್ತು ಬಾಯಿಗಿಟ್ಟಳು.

"ಹೇಗಿದೆ ಮಗಳೇ?"

"ಚೆನ್ನಾಗಿದೆ."

"ಇನ್ನೊಂದು ಸೌಟು ಹಾಕಲಾ?"

"ಬೇಡ, ಸಾಕು. ಥ್ಯಾಂಕ್ಸ್. ನೀವು ಊಟ ಮಾಡಿ."

ತಟ್ಟೆ ತಾನೇ ತೊಳೆದು ಬೋರಲಿಟ್ಟಳು. ಒಳ್ಳೆಯ ಮನೆಯಲ್ಲಿ ಬೆಳೆದ ಮಕ್ಕಳು ನೆಂಟರ ಮನೆಯಲ್ಲಿ ಹೀಗೇ ಇರುತ್ತಾರೆ. ನನ್ನ ತಂಗಿ ಚೆನ್ನಾಗಿ ಬೆಳೆಸಿದ್ದಳು.

ದಿನಗಳು ಹೀಗೇ ಹೋದವು. ಪುಟಾಣಿಗೆ ಜಡೆ ಹಾಕುತ್ತಿದ್ದಳು, ಅಪ್ಪನ ವ್ಯಾನಿನಲ್ಲಿ ಒಂದು ಸುತ್ತು ಹೋಗಿ ಬಂದಳು, ನಾನು ಏನು ಕೇಳಿದರೂ ಮೃದುವಾಗಿ ಉತ್ತರ ಕೊಡುತ್ತಿದ್ದಳು. ಊಟಕ್ಕೆ ಮಾತ್ರ ಹಸಿವಿಲ್ಲ. ಮೊಸರನ್ನ ಎರಡು ತುತ್ತು, ಇಲ್ಲವೇ ಬ್ರೆಡ್ಡಿನ ಚೂರು. ಕೆನ್ನೆ ಒಳಗಿಳಿಯತೊಡಗಿತು. ಒಂದು ಸಂಜೆ ನಾನು ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಾಗ ಊಟದ ಮೇಜಿನಿಂದ ಅಕ್ಕತಂಗಿಯರ ಮಾತು ಕೇಳಿಸಿತು.

"ಅಕ್ಕ, ಯಾಕೆ ಸಾರು ಹಾಕ್ಕೊಳ್ಳಲ್ಲ ನೀನು? ಚೆನ್ನಾಗಿಲ್ವಾ?"

"ಚೆನ್ನಾಗಿದೆ ಪುಟ್ಟ."

"ಮತ್ತೆ?"

"ಚೆನ್ನಾಗಿದೆ. ಆದ್ರೆ ಅದು ಸಾರಲ್ಲ."

"ಸಾರೇ" ಎಂದಳು ಪುಟಾಣಿ.

"ಸರಿ, ಸಾರೇ. ನೀನು ತಿನ್ನು."

ಮರುದಿನ ಅಡುಗೆಗೆ ನಿಂತಾಗ ನನ್ನ ಸಾರನ್ನೇ ಹೊಸಬರ ಹಾಗೆ ರುಚಿ ನೋಡಿದೆ. ಮಗಳು ಹೇಳಿದ್ದು ನಿಜ. ಅಮ್ಮನ ಕೈ ಅದರಲ್ಲಿ ಎಲ್ಲೂ ಇರಲಿಲ್ಲ. ಅವಳನ್ನು ಕರೆಸಿಕೊಳ್ಳಲೆಂದು ಒಂದೊಂದೇ ಬಿಡುತ್ತಾ ಬಂದೆ. ಅವಳು ಬರುವ ಹೊತ್ತಿಗೆ ಅವಳಿಗೆ ಗುರುತು ಹತ್ತುವಂಥದ್ದು ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ.

ಊಟದ ಬಿಡುವಿನಲ್ಲಿ ಲಾಂಡ್ರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ತಂಗಿಗೆ ಫೋನ್ ಮಾಡಿದೆ.

"ಲೇ, ಅಮ್ಮನ ಸಾರಿನ ಪುಡಿ ಅಳತೆ ಹೇಳೇ. ನನಗೆ ಮರೆತೇ ಹೋಗಿದೆ."

"ಅಯ್ಯೋ ಅಕ್ಕ, ನನಗೆ ಕಲಿಸಿದವಳೇ ನೀನು."

"ಕಲಿಸಿದವಳು ಮರೆತಿದಾಳೆ. ನೀನು ಹೇಳು."

ಅವಳು ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. "ಮೆಣಸಿನಕಾಯಿ ಬಾಣಲೇಲಿ ಗರಿಗರಿ ಆಗಬೇಕು, ಹೆದರಿ ಇಳಿಸಬೇಡ. ಜೀರಿಗೆ ಕಡೇಲಿ ಹಾಕು, ಒಲೆ ಆರಿಸಿದ ಮೇಲೆ. ಮೊದಲೇ ಹಾಕಿದ್ರೆ ಸೀದುಹೋಗುತ್ತೆ. ಅವಳಿಗೆ ಹುಳಿ ಒಂದು ಚೂರು ಮುಂದಿರಬೇಕು. ಕರಿಬೇವು ಎಲೆ ತಟ್ಟೇಲಿ ಬಂದ್ರೆ ಪಕ್ಕಕ್ಕಿಡ್ತಾಳೆ, ಆದ್ರೆ ಹಾಕದಿದ್ರೆ ಕಂಡುಹಿಡೀತಾಳೆ." ಕೊನೆಗೆ, "ಅದು ತಿಂದ್ರೆ ನಿಲ್ತಾಳೆ ಅಕ್ಕ" ಎಂದಳು.

"ನಿನ್ನ ಊಟ ಆಯ್ತಾ?"

"ಆಯ್ತು. ಬನ್ನು, ಚಾ."

"ಅಡುಗೆ ಮಾಡ್ಲಿಲ್ವೇನೇ?"

"ಒಬ್ಬಳಿಗೇನು ಮಾಡೋದು" ಎಂದಳು. ಹಿಂದೆ ಮಿಷನ್ ಸದ್ದಿರಲಿಲ್ಲ. ಅವಳಿಗೆ ಫೋನ್ ಮಾಡಿದರೆ ಯಾವಾಗಲೂ ಮೊದಲು ಕೇಳಿಸುತ್ತಿದ್ದದ್ದು ಅದೇ ಸದ್ದು.

ಆ ಭಾನುವಾರ ನಾನು ಬೆಲೆ ನೋಡದೆ ಸಾಮಾನು ತಂದೆ. ತೊಗರಿಬೇಳೆ, ಹುಣಸೆಹಣ್ಣು, ಕೊಬ್ಬರಿ, ತುಪ್ಪ, ಒಂದು ಹಿಡಿ ಕರಿಬೇವು. ಇವರು ಚೀಲದೊಳಗೆ ಇಣುಕಿ, "ಯಾರದೇ ಮದುವೆ?" ಎಂದರು. ಬಾಣಲೆ ಇಟ್ಟು ಮೆಣಸಿನಕಾಯಿ ಹುರಿಯಲು ನಿಂತೆ. ಇವರು ಸ್ಟೂಲು ಹತ್ತಿ ಗಂಟೆಯ ಕೆಳಗೆ ಸ್ನಾನದ ಟವೆಲ್ ಬೀಸತೊಡಗಿದರು.

"ಬೇಗ ಮಾಡೇ, ರಟ್ಟೆ ಬಿತ್ತು."

"ಇನ್ನೂ ಗರಿ ಆಗಿಲ್ಲ ರೀ, ಬೀಸಿ."

"ನಾನು ವ್ಯಾನ್ ಡ್ರೈವರ್ ಕಣೇ, ಚಾಮರದವನಲ್ಲ."

ಗಂಟೆ ಕಿರುಚಿತು. ಕೆಳಗಿನಿಂದ ಕಸಬರಿಗೆ ಕುಟ್ಟುವುದು ಶುರುವಾಯಿತು. ಮೂವರೂ ಕೆಮ್ಮಿದೆವು, ಪುಟಾಣಿ ಕಿವಿ ಮುಚ್ಚಿಕೊಂಡು ಕುಣಿದಳು. ಬಾಗಿಲಲ್ಲಿ ನಿಂತಿದ್ದ ಜೀರಿಗೆ ಜೋರಾಗಿ ನಕ್ಕಳು. ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಘಾಟು ಎಂದು ಎಲ್ಲರೂ ಅಂದುಕೊಂಡರು.

ಜೀರಿಗೆಯನ್ನು ಕಡೆಯಲ್ಲಿ ಹಾಕಿದೆ. ಹುಳಿ ಒಂದು ಚೂರು ಮುಂದೆ ಮಾಡಿದೆ. ತುಪ್ಪದ ಒಗ್ಗರಣೆ ಚಟಪಟ ಎಂದಾಗ ಇಡೀ ಮನೆಗೆ ನಮ್ಮಮ್ಮನ ಅಡುಗೆಮನೆಯ ವಾಸನೆ ಬಂತು. ಬಡಿಸಿದೆ.

ಪುಟಾಣಿ ಒಂದು ತುತ್ತು ತಿಂದು ತಟ್ಟೆ ದೂಡಿದಳು. "ಇದು ಅಮ್ಮನ ಸಾರಲ್ಲ. ನನಗೆ ಅಮ್ಮನ ಸಾರು ಬೇಕು."

"ಇದೂ ಅಮ್ಮ ಮಾಡಿದ್ದೇ ಕಣೇ" ಎಂದರು ಇವರು.

"ಅಲ್ಲ."

ನಾನು ಅತ್ತ ತಿರುಗಲಿಲ್ಲ. ನನ್ನ ಕಣ್ಣು ಜೀರಿಗೆಯ ಮೇಲಿತ್ತು. ಅವಳು ಬೇಗಬೇಗ ತಿಂದಳು. ತಲೆ ಎತ್ತದೆ ತಟ್ಟೆ ಮುಂದೆ ಚಾಚಿದಳು. ಎರಡನೆಯ ಸಲ ಹಾಕಿದೆ. ನನ್ನ ಎದೆಯೊಳಗೆ ಆಗಲೇ ಟಿಕೆಟ್ ಹರಿದಾಗಿತ್ತು. ಕರಿಬೇವಿನ ಎಲೆ ಆರಿಸಿ ತಟ್ಟೆಯ ಅಂಚಿಗಿಟ್ಟಳು, ಮತ್ತೊಂದು ತುತ್ತು ಕಲಸಿದಳು, ಅದನ್ನು ಎತ್ತಲಿಲ್ಲ. ಎಂಜಲು ಕೈಯನ್ನು ತಟ್ಟೆಯಲ್ಲೇ ಬಿಟ್ಟು ಅಳತೊಡಗಿದಳು. ಬಂದಾಗಿನಿಂದ ಒಂದು ಸಲವೂ ಅತ್ತಿರಲಿಲ್ಲ.

ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟೆ.

"ಏನಾಯ್ತು ಕಂದ? ಖಾರ ಆಯ್ತಾ?"

"ಇಲ್ಲ. ಅಮ್ಮನ ಸಾರಿನ ಹಾಗೇ ಇದೆ." ಬಿಕ್ಕುತ್ತಾ ಹೇಳಿದಳು. "ಅಲ್ಲಿ ಅಮ್ಮ ಒಬ್ಬಳೇ ಏನು ತಿಂತಿದಾಳೋ. ನಾನಿಲ್ಲದಿದ್ರೆ ಅವಳು ಒಲೆನೇ ಹಚ್ಚಲ್ಲ. ನಾನು ಮನೆಗೆ ಹೋಗ್ತೀನಿ. ನೀವು ಬೇಜಾರು ಮಾಡ್ಕೋಬೇಡಿ."

ಬನ್ನು, ಚಾ ಅನ್ನುವ ಮಾತು ನನ್ನ ಕಿವಿಯಲ್ಲೇ ಇತ್ತು. "ಸ್ವಲ್ಪ ದಿನ ನೋಡೋಣ, ಶಾಲೆ ಶುರುವಾಗಲಿ" ಎನ್ನಬಹುದಿತ್ತು. ಅಂದಿದ್ದರೆ ಅವಳು ಸರಿ ಎನ್ನುತ್ತಿದ್ದಳು, ತಟ್ಟೆ ತೊಳೆದು ಬೋರಲಿಡುತ್ತಿದ್ದಳು, ಥ್ಯಾಂಕ್ಸ್ ಎನ್ನುತ್ತಿದ್ದಳು. ಆ ಥ್ಯಾಂಕ್ಸ್ ವರ್ಷಗಟ್ಟಲೆ ಕೇಳುವ ಶಕ್ತಿ ನನಗಿರಲಿಲ್ಲ.

"ಹೋಗುವೆಯಂತೆ" ಎಂದೆ. "ಮೊದಲು ಊಟ ಮುಗಿಸು. ಅನ್ನ ಆರ್ತಿದೆ."

ಅವಳು ಮುಗಿಸಿದಳು. ಇವರು ಎದ್ದು ಹೋಗಿ ಆಗಲೇ ಸುಮ್ಮನಾಗಿದ್ದ ಗಂಟೆಯ ಕೆಳಗೆ ಮತ್ತೆ ಟವೆಲ್ ಬೀಸಿದರು.

ಹೊರಡುವ ಹಿಂದಿನ ದಿನ ಏನು ಅಡುಗೆ ಮಾಡಲಿ ಎಂದು ಕೇಳಿದೆ. ಜೀರಿಗೆ ತನ್ನ ತಂಗಿಯ ಕಡೆ ನೋಡಿ, "ಪುಟಾಣಿಯ ಸಾರೇ ಮಾಡಿ" ಎಂದಳು. ಮಾಡಿದೆ. ಅದನ್ನೂ ಎರಡು ಸಲ ಹಾಕಿಸಿಕೊಂಡಳು. ನನ್ನ ಮನಸ್ಸು ಇಡಲೆಂದು ತಿಂದಳು ಎಂದು ಗೊತ್ತಿತ್ತು. ಗೊತ್ತಿದ್ದೂ ಬಡಿಸಿದೆ. ವಿಮಾನ ನಿಲ್ದಾಣದಲ್ಲಿ ನನ್ನನ್ನು ಬಿಗಿಯಾಗಿ ತಬ್ಬಿಕೊಂಡಳು. ಒಳಗೆ ಹೋಗುವ ಸಾಲಿನಲ್ಲಿ ತಿರುಗಿ ಕೈ ಬೀಸಿದಳು, ಆಮೇಲೆ ಅವಳ ನಡಿಗೆ ಚುರುಕಾಯಿತು.

ಈಗ ಕಿಟಕಿ ಪಕ್ಕದ ಮಂಚದ ಮೇಲೆ ಪುಟಾಣಿ ಅಡ್ಡಾದಿಡ್ಡಿ ಮಲಗುತ್ತಾಳೆ. ತೊಗರಿಬೇಳೆ, ಹುಣಸೆಹಣ್ಣು ಡಬ್ಬಿಯಲ್ಲಿ ಹಾಗೇ ಇವೆ, ಅವುಗಳ ಸಾರನ್ನು ಅವಳು ಮುಟ್ಟುವುದಿಲ್ಲ. ನಾನು ಸಂತೆ ಮುಚ್ಚುವ ಹೊತ್ತಿಗೇ ಹೋಗುತ್ತೇನೆ. "ಇನ್ನಾದ್ರೂ ಒಳ್ಳೆ ಟೊಮೆಟೊ ತಗೊಳ್ಳೇ" ಎನ್ನುತ್ತಾರೆ ಇವರು. ಕೈ ತಾನಾಗಿ ಬಿರಿದವುಗಳ ಕಡೆಗೆ ಹೋಗುತ್ತದೆ.

ನಿನ್ನೆ ಸಾರು ಕುದಿಯುತ್ತಿದ್ದಾಗ ಜೀರಿಗೆಯ ಫೋನ್ ಬಂತು. ಹಿಂದೆ ಮಿಷನ್ ಓಡುತ್ತಿತ್ತು.

"ಫೋನಮ್ಮ, ಊಟ ಆಯ್ತಾ? ಏನು ಮಾಡ್ತಿದೀರಾ?"

"ಸಾರು. ನೋಡ್ತೀಯಾ?"

ಫೋನನ್ನು ಪಾತ್ರೆಯ ಮೇಲೆ ಹಿಡಿದೆ. ಆವಿ ಹತ್ತಿ ಪರದೆ ಮಬ್ಬಾಯಿತು. ಒರೆಸುವ ಬಟ್ಟೆ ಹುಡುಕಿ ಒರೆಸಿದೆ. ಅಷ್ಟರಲ್ಲಿ ಅವಳು ಫೋನನ್ನು ಮಿಷನ್ನಿನ ಮೇಲಿಟ್ಟು ಊಟಕ್ಕೆ ಹೋಗಿದ್ದಳು. ಪರದೆಯಲ್ಲಿ ನನ್ನ ತಂಗಿಯ ಮನೆಯ ಚಾವಣಿ ಕಾಣುತ್ತಿತ್ತು, ತಟ್ಟೆ ಇಡುವ ಸದ್ದು ಕೇಳುತ್ತಿತ್ತು. ನಾನು ಉರಿ ಸಣ್ಣ ಮಾಡಿ, ಫೋನನ್ನು ಡಬ್ಬಿಗೆ ಒರಗಿಸಿ, ಅವಳ ಊಟ ಮುಗಿಯುವವರೆಗೆ ಕೇಳುತ್ತಾ ನಿಂತೆ.