ನೀರು ಹಾಕದೆ ಕೂತದ್ದು

ಗಾಡಿಯ ಸದ್ದು, ಬಂದಳು — ಅಲ್ಲ, ಅದು ಪಕ್ಕದ ಬೀದಿಗೆ ತಿರುಗಿತು, ಸಂಜೆಯೊಳಗೆ ಮಸ್ಕತ್ತಿನಿಂದ ಬಂದುಬಿಡ್ತೀವಿ ಎಂದು ಅವಳ ತಮ್ಮ ಫೋನು ಮಾಡಿದ್ದ, ಅವಳಿಗೆಂದು ಕಾಸಿದ ಕಹ್ವಾ ಕಾಫಿ ಆರುತ್ತಿದೆ, ನಾನು ಕಿಟಕಿಯ ಕುಂಡವನ್ನೇ ನೋಡುತ್ತಿದ್ದೇನೆ, ನನ್ನ ಹೆಂಡತಿ ಝುವೈನಾಳ ಲೋಳೆಸರ, ಮದುವೆಯಾದ ವರ್ಷ ತವರಿನ ಬೆಟ್ಟದಿಂದ ಕಿತ್ತು ತಂದದ್ದು, ಅವತ್ತು ಮಸ್ಕತ್ತಿನ ಆಸ್ಪತ್ರೆಯಲ್ಲಿ ಅವಳನ್ನು ಹೃದಯದ ಆಪರೇಷನ್ನಿಗೆ ಒಳಗೆ ತಳ್ಳಿಕೊಂಡು ಹೋಗುತ್ತಿದ್ದಾರೆ, ಆಗಲೂ ಅವಳಿಗೆ ಅದೇ ಚಿಂತೆ — ನೋಡ್ರೀ, ಗಿಡಕ್ಕೆ ನೀರು ಹಾಕ್ಬೇಡಿ, ಒಂದು ಹನೀನೂ ಬೇಡ, ನಿಮ್ಮ ಕೈ ನನಗೆ ಗೊತ್ತು. ಗೊತ್ತಿಲ್ಲದೆ ಏನು, ಮೂವತ್ತು ವರ್ಷ ಊರಿನ ಕಾಲುವೆಯ ನೀರು ಹಂಚಿದ ಕೈ, ಕೋಲಿನ ನೆರಳಲ್ಲಿ ಹೊತ್ತು ಅಳೆದು ಖರ್ಜೂರದ ತೋಟಗಳಿಗೆ ತೂಬು ತೆರೆದ ಕೈ, ಒಂದು ಮರವನ್ನೂ ಒಣಗಲು ಬಿಟ್ಟವನಲ್ಲ, ಆ ಕೆಲಸ ಬಿಟ್ಟು ಆಸ್ಪತ್ರೆಯಲ್ಲಿ ಕೂರುವಂತಿಲ್ಲ, ವಾರಕ್ಕೊಮ್ಮೆ ಹೋಗಿ ಬರುವುದು, ಮನೆಗೆ ಬಂದರೆ ಖಾಲಿ, ಅವಳಿಗೆ ನನ್ನಿಂದ ಏನೂ ಮಾಡಲಾಗದು, ಗಿಡಕ್ಕೆ ಒಂದು ಚೊಂಬು ಹಾಕಿದೆ, ಮರುದಿನ ಇನ್ನೊಂದು, ಎಲೆ ಹಳದಿಯಾಯಿತು, ಪಾಪ ಬಾಯಾರಿದೆ ಎಂದು ಮತ್ತಷ್ಟು ಸುರಿದೆ, ಬುಡ ಮೆತ್ತಗಾಗಿ ನಾತ — ಪಕ್ಕದ ಮನೆಯ ಶಂಸಕ್ಕ ಹಲ್ವಾ ಕೊಡಲು ಬಂದವಳು ಮೂಗು ಮುಚ್ಚಿಕೊಂಡಳು, ಅಯ್ಯೋ ಹಿಲಾಲ್, ಇದಕ್ಕೆ ನೀರು ಕುಡಿಸಿದ್ಯೋ ಈಜು ಕಲಿಸಿದ್ಯೋ? ನಗ್ಬೇಡ ಶಂಸಕ್ಕ, ಅವಳು ಬಂದ್ರೆ ಏನು ಹೇಳ್ಲಿ. ಮೊದ್ಲು ಚಾಕು ತಾ. ಕೊಳೆತದ್ದನ್ನೆಲ್ಲ ಕೊಯ್ದೆವು, ಉಳಿದದ್ದು ಗೇಣುದ್ದದ ತುದಿ, ಒಂದು ಬೇರೂ ಇಲ್ಲ, ಐದು ದಿನ ನೆರಳಲ್ಲಿಡು, ಗಾಯ ಒಣಗ್ಲಿ, ಆಮೇಲೆ ಒಣ ಮರಳಲ್ಲಿ ನೆಟ್ಟು ಕೈ ಕಟ್ಕೊಂಡು ಕೂತ್ಕೋ, ಅದೊಂದೇ ನಿನಗೆ ಬರಲ್ಲ, ಎಂದಳು — ಗಾಯ ಒಣಗಲಿ, ಡಾಕ್ಟರೂ ಫೋನಿನಲ್ಲಿ ಅವಳ ಎದೆಯ ಬಗ್ಗೆ ಅದನ್ನೇ ಹೇಳಿದ್ದರು. ಐದು ದಿನ ಕಳೆದು ಮರಳಲ್ಲಿ ನೆಟ್ಟೆ, ಕೂತೆ, ನಾಲ್ಕು ವಾರ, ಚೊಂಬು ಹಿಡಿದು ಎದ್ದವನು ಮತ್ತೆ ಕೂತೆ, ಎಲೆ ಸುಕ್ಕಾಯಿತು, ಕಂದಿತು, ಕೂತೆ, ಫೋನಿನಲ್ಲಿ ಅವಳು ಗಿಡ ಹೇಗಿದೇರೀ, ನಾನು ಇದೆ ಇದೆ — ಗಾಡಿ ನಿಂತಿತು, ಇದು ಅವಳೇ, ತಮ್ಮನ ಭುಜ ಹಿಡಿದು ಇಳಿಯುತ್ತಾಳೆ, ಸಣ್ಣಗಾಗಿದ್ದಾಳೆ, ಆದರೆ ನಡೆಯುತ್ತಾಳೆ, ತನ್ನ ಕಾಲಲ್ಲೇ, ದೇವರು ದೊಡ್ಡವನು, ನೇರ ಕುಂಡದ ಹತ್ತಿರವೇ ಬಂದಳು, ನನ್ನ ಗಿಡ ಇಷ್ಟೆತ್ತರ ಇತ್ತಲ್ರೀ, ನಾನು ಎಲ್ಲವನ್ನೂ ಹೇಳಿಬಿಟ್ಟೆ, ನೀರು, ನಾತ, ಚಾಕು, ಅವಳು ಬೈಯಲಿಲ್ಲ, ನನ್ನನ್ನೂ ಕೊಯ್ದು ಹೊಲಿದಿದ್ದಾರೆ ಬಿಡಿ, ಎಂದು ಎರಡು ಬೆರಳಲ್ಲಿ ಬುಡ ಹಿಡಿದು ಮೆಲ್ಲಗೆ ಎಳೆದಳು, ಬರಲಿಲ್ಲ, ಇನ್ನೊಮ್ಮೆ ಎಳೆದಳು, ಬರಲಿಲ್ಲ, ಬೇರು ಹಿಡಿದಿದೆ ಕಣ್ರೀ, ನಗುತ್ತಿದ್ದಾಳೆ, ಅವಳ ಸಣ್ಣಗಾದ ಎರಡು ಬೆರಳು, ನಡುವೆ ಗಿಡ, ಎಳೆದರೂ ಬಾರದ ಗಿಡ