ಎರಡನೆಯ ವಿಮೆ

ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ತೋಂಟದಾರ್ಯರು ಇಷ್ಟೊಂದು ಯೋಚಿಸಿ ಮಾಡಿದ ತೀರ್ಮಾನ ಇನ್ನೊಂದಿರಲಿಲ್ಲ. ನಿವೃತ್ತರಿಗೆಂದು ಬ್ಯಾಂಕು ಕೊಡಿಸಿದ ಆರೋಗ್ಯ ವಿಮೆ ಗಂಡ ಹೆಂಡತಿ ಇಬ್ಬರಿಗೂ ಇತ್ತು. ಆದರೆ ಅದರ ಮಿತಿ ಮೂರು ಲಕ್ಷ. ದೊಡ್ಡ ಕಾಯಿಲೆ ಬಂದರೆ ಅದು ಯಾವ ಮೂಲೆಗೆ ಸಾಕು? ಅದರ ಮೇಲೊಂದು ಹೆಚ್ಚುವರಿ ವಿಮೆ ಬೇಕೆಂದು ಏಜೆಂಟ್ ಗಂಗಾಧರನನ್ನು ಬಿಳಿಗೆರೆಯ ಮನೆಗೆ ಕರೆಸಿದರು.

ಗಂಗಾಧರ ಜಗಲಿಯ ಮೇಲೆ ಕುಳಿತು ಬಿಡಿಸಿ ಹೇಳಿದ. "ಟಾಪ್-ಅಪ್ ಅಂದ್ರೆ ಸಾರ್, ಒಂದೇ ಸಲದ ಬಿಲ್ಲು ಮೂರು ಲಕ್ಷ ದಾಟ್ಬೇಕು. ಸೂಪರ್ ಟಾಪ್-ಅಪ್ ಹಂಗಲ್ಲ, ವರ್ಷದ ಬಿಲ್ಲೆಲ್ಲಾ ಕೂಡಿ ದಾಟಿದ್ರೆ ಸಾಕು."

"ಹಂಗಾದ್ರೆ ಸೂಪರ್ರೇ ಸರಿ."

"ಅದ್ರಲ್ಲೂ ಎರಡೈತೆ. ಬ್ಯಾಂಕಿನೋರ ಕಡೆಯಿಂದ್ಲೇ ತಗಂಡ್ರೆ ಇವತ್ತಿಂದ್ಲೇ ಎಲ್ಲಾ ಕಾಯಿಲೆಗೂ ಬತ್ತದೆ, ಕಂತು ಜಾಸ್ತಿ. ನಮ್ ಕಂಪನೀದು ಅರ್ಧಕ್ಕರ್ಧ ಕಮ್ಮಿ. ಆದ್ರೆ ಅಮ್ಮಾರಿಗೆ ಶುಗರ್ ಐತಲ್ಲ, ಅದ್ರಿಂದ ಏನೇ ಬಂದ್ರೂ ಮೂರು ವರ್ಷ ಕಾಯ್ಬೇಕು."

"ಮೊದ್ಲು ಕಾಫಿಗೆ ಹಾಕ್ಲಾ ಬ್ಯಾಡ್ವಾ ಹೇಳಪ್ಪ," ಎಂದು ಗಿರಿಜಾಂಬಿಕಾ ಅಡುಗೆಮನೆಯಿಂದ ಕೂಗಿದರು. "ನನ್ ಶುಗರ್ರು ಎಲ್ಲಿಗೂ ಓಡೋಗಲ್ಲ."

ಗಂಗಾಧರ ನಕ್ಕ. ತೋಂಟದಾರ್ಯರು ಎರಡು ಕಂತುಗಳನ್ನೂ ಹೋಲಿಸಿ ನೋಡಿ, ಕಡಿಮೆಯದನ್ನೇ ಆರಿಸಿದರು. ಲೋಟ ತಂದಿಟ್ಟ ಗಿರಿಜಾಂಬಿಕಾಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. "ಮೂರು ವರ್ಷ ಏನ್ ಮಹಾ? ನಾನು ಕೊಬ್ಬರಿ ಮನೇಲಿ ಹುಟ್ಟಿದೋಳು. ಅಟ್ಟಕ್ಕೇರಿಸಿದ ಕಾಯಿನ, ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡೋವರ್ಗೂ ಯಾರಾದ್ರೂ ಇಳಿಸ್ತಾರಾ? ಕಾದ್ರಾಯ್ತು ಬುಡಿ."

ಹೆಂಡತಿಗೆ ವಿಷಯ ಅರ್ಥವಾಗಿದೆ ಎಂದುಕೊಂಡು ಅವರು ಸಹಿ ಹಾಕಿದರು.

ಎರಡನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯಲ್ಲೊಂದು ನಾತ ಶುರುವಾಯಿತು. ಅಟ್ಟದ ಮೇಲೆ ಯಾವುದೋ ಕಾಯಿ ಒಡೆದು ಕೊಳೆತಿರಬೇಕೆಂದು ತೋಂಟದಾರ್ಯರು ಏಣಿ ಹಾಕಿದರು.

"ಇಲಿ ಸತ್ತಿರ್ಬೇಕು ಕಣ್ರೀ, ಮೂಲೇಲಿ ನೋಡಿ," ಎಂದರು ಗಿರಿಜಾಂಬಿಕಾ ಕೆಳಗಿನಿಂದ.

ಅವರು ಮೂಲೆಯನ್ನೂ ನೋಡಿದರು. ಕಾಯಿಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು, ಮೂಸಿದರು. ಒಂದೂ ಕೆಟ್ಟಿರಲಿಲ್ಲ. ಅಟ್ಟದ ತುಂಬ ಹೊಗೆಯ ವಾಸನೆ ಬಿಟ್ಟರೆ ಬೇರೇನಿಲ್ಲ. ಏಣಿಯಿಂದ ಇಳಿಯುತ್ತಿದ್ದಂತೆ ನಾತ ಹೆಚ್ಚಾಗುತ್ತ ಬಂತು. ಕೆಳಗೆ ಮಣೆಯ ಮೇಲೆ ಕುಳಿತಿದ್ದ ಗಿರಿಜಾಂಬಿಕಾ ಎಡಗಾಲನ್ನು ಸೀರೆಯೊಳಕ್ಕೆ ಎಳೆದುಕೊಂಡರು.

"ಕಾಲು ತೋರ್ಸು."

"ಏನಿಲ್ಲ ಕಣ್ರೀ. ಚಿಪ್ಪು ಚುಚ್ಚಿತ್ತು ಅಷ್ಟೆ. ನೋವೇ ಇಲ್ಲ."

ತೋಂಟದಾರ್ಯರು ಕೂತು ಬಟ್ಟೆಯ ಸುತ್ತು ಬಿಚ್ಚಿದರು. ಅರಿಸಿನ ಮತ್ತು ಕೊಬ್ಬರಿ ಎಣ್ಣೆ ಮೆತ್ತಿದ ಗಾಯದ ಕೆಳಗೆ ಎರಡು ಬೆರಳುಗಳು ಕಪ್ಪಾಗಿದ್ದವು. ಮುಟ್ಟಿದರೂ ಆಕೆ ಬೆಚ್ಚಲಿಲ್ಲ.

"ಒಂದ್ ಮಾತು ಹೇಳ್ಬಾರ್ದಿತ್ತೇನೇ? ತಿಪಟೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸ್ಬಾರ್ದಿತ್ತೇನೇ?"

"ತೋರ್ಸಿದ್ರೆ ಅವ್ರು ಚೀಟಿ ಬರೀತಾರೆ. ಶುಗರ್ರಿಂದ್ಲೇ ಬಂದಿದ್ದು, ಅವಧಿಗ್ ಮುಂಚೇನೇ ಬಂದಿದ್ದು ಅಂತ ಆ ಚೀಟೀಲಿ ಗೊತ್ತಾಗಲ್ವಾ? ಕಟ್ಟಿದ ಕಂತೆಲ್ಲಾ ದಂಡ. ಇನ್ನೊಂದು ವರ್ಷ ತಡಕೊಂಡ್ರೆ ಆಯ್ತು ಅಂತ..."

ತೋಂಟದಾರ್ಯರು ಬಿಚ್ಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟರು. ಕಾಯಬೇಕಿದ್ದುದು ಎರಡನೆಯ ವಿಮೆಗೆ ಮಾತ್ರ. ಬ್ಯಾಂಕಿನ ಮೊದಲನೆಯ ವಿಮೆಗೆ ಅಂಥ ಅವಧಿಯೇ ಇರಲಿಲ್ಲ. ಚುಚ್ಚಿದ ವಾರವೇ ಆಸ್ಪತ್ರೆಗೆ ಸೇರಿಸಿದ್ದರೆ ಅದೇ ಎಲ್ಲವನ್ನೂ ಭರಿಸುತ್ತಿತ್ತು. ಇದನ್ನು ಅವರು ನಿವೃತ್ತ ನೌಕರರ ಸಭೆಯಲ್ಲಿ ವಿವರಿಸಿದ್ದರು, ಕಿಬ್ಬನಹಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಸಹೋದ್ಯೋಗಿಗೆ ವಿವರಿಸಿದ್ದರು. ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ.

ತುಮಕೂರಿನ ಆಸ್ಪತ್ರೆಯ ವೈದ್ಯರು ಎಕ್ಸ್‌ರೇ ನೋಡಿ, ಸೋಂಕು ಮೂಳೆಗೆ ಇಳಿದಿದೆ, ಮೊಣಕಾಲಿನ ಕೆಳಗೆ ತೆಗೆಯಲೇಬೇಕು ಎಂದರು. ವಿಷ ರಕ್ತಕ್ಕೂ ಸೇರಿರುವುದರಿಂದ ಕಾಲು ತೆಗೆದ ಮೇಲೂ ಭರವಸೆ ಕೊಡಲಾರೆ ಎಂದು ತಗ್ಗಿದ ದನಿಯಲ್ಲಿ ಸೇರಿಸಿದರು.

"ಮುಂಚೆ ಬಂದಿದ್ರೆ?" ಎಂದು ತೋಂಟದಾರ್ಯರು ಕೇಳಿದರು. ವೈದ್ಯರು ಎಕ್ಸ್‌ರೇಯನ್ನು ಲಕೋಟೆಗೆ ಸೇರಿಸಿದರು.

ವಿಮೆಯ ಕೌಂಟರಿನಲ್ಲಿದ್ದ ಹುಡುಗಿ ಸಂಜೆಯೊಳಗೆ ಅವರನ್ನು ಹುಡುಕಿಕೊಂಡು ಬಂದಳು. ಒಳ್ಳೆಯ ಸುದ್ದಿ ತಂದವಳ ಉತ್ಸಾಹ ಅವಳ ಮುಖದಲ್ಲಿತ್ತು. "ಸಾರ್, ಬ್ಯಾಂಕಿನ ಪಾಲಿಸೀಲೇ ಪೂರ್ತಿ ಒಪ್ಪಿಗೆ ಬಂತು. ನಿಮ್ಮ ಇನ್ನೊಂದು ಪಾಲಿಸಿ ಮುಟ್ಟೋದೇ ಬೇಕಾಗಿಲ್ಲ."

ಶಸ್ತ್ರಚಿಕಿತ್ಸೆಯ ಕೋಣೆಯ ಮುಂದೆ ಸ್ಟ್ರೆಚರ್ ನಿಂತಿತ್ತು. ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಗಿರಿಜಾಂಬಿಕಾ ಆ ಮಾತನ್ನು ಅರ್ಧಂಬರ್ಧ ಕೇಳಿಸಿಕೊಂಡಿದ್ದರು.

"ಕೊಟ್ರೇನ್ರೀ?"

"ಕೊಟ್ರು ಕಣೇ."

"ಪೂರ್ತಿ?"

"ಪೂರ್ತಿ."

"ನೋಡಿದ್ರಾ," ಆಕೆಯ ಒಣಗಿದ ತುಟಿಗಳು ತುಸು ಅರಳಿದವು. "ಅಷ್ಟು ದಿನ ತಡಕೊಂಡಿದ್ದಕ್ಕೆ ಅಲ್ವಾ? ಮೊದ್ಲೇ ಓಡ್ಬಂದಿದ್ರೆ ಕೊಡ್ತಿದ್ರಾ?"

ಆಕೆ ಉತ್ತರಕ್ಕಾಗಿ ಕಣ್ಣು ತೆರೆದರು. ವಾರ್ಡಿನವನು ಸ್ಟ್ರೆಚರಿನ ಹಿಡಿಗೆ ಕೈ ಹಾಕಿದ್ದ.

"ಇಲ್ಲ ಕಣೇ," ಎಂದರು ತೋಂಟದಾರ್ಯರು. "ಕೊಡ್ತಿರ್ಲಿಲ್ಲ."

ಗಿರಿಜಾಂಬಿಕಾ ಸಮಾಧಾನದಿಂದ ಕಣ್ಣು ಮುಚ್ಚಿದರು. ಆ ಸಮಾಧಾನವನ್ನು ನೋಡಲಾರದೆ, ಸ್ಟ್ರೆಚರ್ ಒಳಗೆ ಹೋಗುವ ಮುನ್ನವೇ ತೋಂಟದಾರ್ಯರು ಗೋಡೆಯ ಕಡೆಗೆ ತಿರುಗಿ ನಿಂತರು.