ಚುಕ್ಕಿ ಇಲ್ಲದ ಎಲಿ

ಆಮ್ರಪಾಲಿಗೆ ನನ್ನ ಮ್ಯಾಲೆ ಸಂಶಯ ಐತಂತ ನನಗ ಗೊತ್ತಾಗಿದ್ದು ಅಕಿ ತನ್ನ ಪ್ರಯೋಗದ ಬಾಟ್ಲಿ ಮುಚ್ಚಳಕ್ಕ ಟೇಪ್ ಸುತ್ತಿ ಸಹಿ ಮಾಡಾಕ ಚಾಲೂ ಮಾಡಿದಾಗ. ಇಷ್ಟ ವರ್ಷ ಒಂದ ಡಬ್ಬಿಯೊಳಗ ಕೈ ಹಾಕಿ ಉಂಡೀವಿ. ಈಗ ನಾ ಅಕಿ ಟೇಬಲ್ ಹತ್ರ ಹೋದ್ರ ಬಾಟ್ಲಿ ಹಿಂದಕ್ಕ ಸರಸ್ತಾಳ! ನಾ ಏನ್ ಕಳ್ಳಿಯೇನ್ರಿ?

ಆಗಿದ್ದೇನಂತ ಹೇಳ್ತೇನಿ, ಕೇಳ್ರಿ. ವಿಜಯಪುರದ ನಮ್ಮ ಲ್ಯಾಬಿನ್ಯಾಗ ಇಬ್ಬರೂ ಪಿಎಚ್‌ಡಿ ಮಾಡಾಕತ್ತೇವಿ. ದ್ರಾಕ್ಷಿ ಎಲಿ ಕುದಿಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದ್ರ ಬೆಳ್ಳಿಯ ನ್ಯಾನೊ ಕಣ ಹುಟ್ಟತಾವು. ಕಣ ಕಣ್ಣಿಗೆ ಕಾಣೂದಿಲ್ಲ, ನೀರು ಮಾತ್ರ ಕರೇ ಚಹಾದ ಬಣ್ಣಕ್ಕ ತಿರಗತೈತಿ. ಗಾಯದಾಗ ಕೀವು ಮಾಡೂ ಬ್ಯಾಕ್ಟೀರಿಯಾನ ಆ ಕಣ ಕೊಲ್ತಾವೋ ಇಲ್ಲೋ ನೋಡೂದು ಆಮ್ರಪಾಲಿ ಕೆಲಸ. ಕಣ ಹುಟ್ಯಾವೇನಂತ ಬೆಳಕು ಹಾಯಿಸಿ ನೋಡೂ ಮಷೀನು, ಸ್ಪೆಕ್ಟ್ರೋ ಅಂತೇವಿ, ಅದು ನನ್ನ ಕೈಯಾಗ. ಸಿಲ್ವರ್ ನೈಟ್ರೇಟ್ ಇಡೂ ಕಪಾಟಿನ ಕೀಲಿನೂ ನನ್ನ ಕಡೇನ.

ಈ ವರ್ಷ ಏನಾತಂದ್ರ, ಬೆಳ್ಳಿ ಹಾಕದ ಬರೇ ಎಲಿ ನೀರೂ ಬ್ಯಾಕ್ಟೀರಿಯಾ ಕೊಲ್ಲಾಕತ್ತಿತು. ಅದು ಕೊಂದ್ರ ಬೆಳ್ಳಿ ಏನ್ ಮಾಡಿತು ಅಂತ ಹೇಳಾಕ ಬರೂದಿಲ್ಲ. ಅಕಿ ದುಡಿಮಿ ಎಲ್ಲಾ ನೀರಾಗ ಹೋತು.

"ನನ್ನ ಎಲಿ ನೀರಾಗ ಯಾರೋ ಬೆಳ್ಳಿ ಬಿಟ್ಟಾರ್ರಿ" ಅಂತ ಅಕಿ ನಮ್ಮ ಗೈಡು ದೇವಾನಂದ ಸರ್ ಮುಂದ ಹೇಳಿದಳು. ಯಾರೋ ಅಂದ್ರ ಯಾರು? ಕೀಲಿ ಯಾರ ಕಡೆ ಐತಿ, ಅವರು.

ನಾ ಆ ನೀರನ್ನ ಸರ್ ಮುಂದನ ಸ್ಪೆಕ್ಟ್ರೋದಾಗ ಇಟ್ಟೆ. ಬೆಳ್ಳಿ ಕಣ ಇದ್ರ ಪರದೆ ಮ್ಯಾಲಿನ ಗೆರಿ ಗುಡ್ಡದಂಗ ಏಳತೈತಿ. ಗೆರಿ ಸಪಾಟಾಗಿ ಮಲಗಿತ್ತು.

"ನೋಡ್ರಿ ಸರ್, ಎಲ್ಲೈತಿ ಬೆಳ್ಳಿ?" ಅಂದೆ.

ಆಮ್ರಪಾಲಿ ನನ್ನ ಮಾರಿ ನೋಡದ, "ಮಷೀನು ಅಕಿ ಕೈಯಾಗ ಐತ್ರಿ ಸರ್" ಅಂದಳು.

ಸರ್ ಕನ್ನಡಕ ತೆಗೆದು ಒರಸಿಕೋತ, "ಅಬೇದಾ, ಮುಂದಿನ ಸೋಮವಾರದೊಳಗ ಇದು ಏನಂತ ತಿಳೀಲಿಲ್ಲಂದ್ರ ಕೀಲಿ ನನಗ ಕೊಟ್ಟಬಿಡು. ಮಷೀನೂ ಮುಟ್ಟಬ್ಯಾಡ" ಅಂದ್ರು. ಕೀಲಿ ಕೊಡೂದಂದ್ರ ಕಳ್ಳಿ ಅಂತ ಒಪ್ಕೊಂಡಂಗ. ಆಮ್ಯಾಲೆ ಯಾವ ಲ್ಯಾಬಿನವರು ನನ್ನ ಒಳಗ ಬಿಟ್ಕೊಳ್ತಾರ?

ನಾ ಸುಮ್ಮನ ಕೂಡೂಕಿ ಅಲ್ಲ. ಆಮ್ರಪಾಲಿಯ ಎಲಿ ನೀರಿನ, ಟೇಪ್ ಬಿಚ್ಚದ ಒಂದ ಬಾಟ್ಲೀನ ಸರ್ ಕೈಯಿಂದನ ಧಾರವಾಡಕ್ಕ ಕಳಿಸಿದೆ. ನೀರಾಗ ಯಾವ ಲೋಹ ಎಷ್ಟೈತಂತ ಹೇಳೂ ದೊಡ್ಡ ಮಷೀನು ಅಲ್ಲೈತಿ. ಉತ್ತರ ಶನಿವಾರ ನನ್ನ ಮೊಬೈಲಿಗೆ ಬಂತು. ಬೆಳ್ಳಿ ಇಲ್ಲ. ತಾಮ್ರ ಭರಪೂರ.

ತಾಮ್ರ! ತಾಮ್ರದ ಕೆಮಿಕಲ್ ಬಾಟ್ಲಿ ಇರೂದು ಆಮ್ರಪಾಲಿ ಟೇಬಲ್ ಕೆಳಗ. ನನಗ ಎಲ್ಲಾ ತಿಳಿದಂಗಾತು. ಹೋದ ವರ್ಷ ಅಕಿ ಫಲಿತಾಂಶ ಸಪ್ಪಗಿತ್ತು, ಈ ವರ್ಷ ಒಮ್ಮಿಂದೊಮ್ಮೆ ಜೋರಾಗೈತಿ. ಬೆಳ್ಳಿ ಜೋರಾಗಿ ಕೊಂದಂಗ ಕಾಣಲಂತ ಎಲಿ ನೀರಾಗ ತಾನ ತಾಮ್ರ ಬಿಟ್ಟಾಳ, ಸಿಕ್ಕಬೀಳ್ತೀನಿ ಅನ್ನೂದ್ರಾಗ ನನ್ನ ಹೆಸರು ಮುಂದ ಮಾಡ್ಯಾಳ. ಭಲೇ ಹುಡುಗಿ!

ಸಾಬೀತು ಮಾಡೂ ದಾರಿ ಒಂದ ಇತ್ತು. ಎಲಿ ಬರೂದು ಟಿಕೋಟಾದಾಗ ಅಕಿ ಅಪ್ಪನ ತೋಟದಿಂದ. ಒಂದ ಸಾಲಿಗೆ ಔಷಧ ಮುಟ್ಟಸೂದಿಲ್ಲಂತ ಅವರು ಮಗಳಿಗೆ ಮಾತು ಕೊಟ್ಟಾರ. ಆ ಸಾಲಿನ ಎಲಿ ನಾನ ಹರಕೊಂಡು ಬಂದು ನಾನ ಕುದಸ್ತೇನಿ. ಅದರಾಗ ತಾಮ್ರ ಬರಲಿಲ್ಲಂದ್ರ ಅಕಿ ಬಣ್ಣ ಬಯಲು. ಆಯಿತವಾರ ಅಬ್ಬಾನ ಸ್ಕೂಟಿ ತಗೊಂಡು ಹೊಂಟೆ. ದಾರಿತುಂಬ ಬೈಗಳ ಹೊಂದಸ್ಕೋತನ ಹೋದೆ.

ತೋಟದಾಗ ಅಕಿ ಅಪ್ಪ ಭಾಗಪ್ಪ ಕಾಕಾ ಒಬ್ಬರ ಇದ್ರು. "ಬಾ ಯವ್ವಾ ಬಾ! ನಮ್ಮಕಿ ಚಹಾ ತರಾಕ ಮನಿಗೆ ಹೋಗ್ಯಾಳ. ಬಿಸಲಾಗ ಬಂದೀದಿ, ನೆಳ್ಳಿಗೆ ಕೂಡು" ಅಂದ್ರು.

"ಕೂಡೂದು ಆಮ್ಯಾಲ್ರಿ ಕಾಕಾ. ಪ್ರಯೋಗದ ಸಾಲು ಯಾವುದ್ರಿ?"

ಕಂಬಕ್ಕ ನೀಲಿ ಅರಿವಿ ಕಟ್ಟಿದ ಸಾಲು ತೋರಿಸಿದ್ರು. ಎಲಿ ನೋಡಿದ್ರ ಹಸರ ಹಸರ, ಗುಳು ಗುಳು ಹೊಳ್ಯಾಕತ್ತಾವ. ನನಗ ಅಲ್ಲೇ ಅನುಮಾನ ಬಂತು. ಔಷಧ ಕಾಣದ ಬಳ್ಳಿಗೆ ಈ ಮಳಿಗಾಲದ ಥಂಡಿಯಾಗ ಒಂದರೆ ರೋಗದ ಚುಕ್ಕಿ ಬೀಳಬ್ಯಾಡೇನು? ಒಂದ ಎಲಿ ಹೊಳ್ಳಿಸಿ ನೋಡಿದೆ. ದೇಟಿನ ಸಂದಿಯಾಗ ನೀಲಿ ಪುಡಿ ಹತ್ತಿತ್ತು. ನಮ್ಮ ಅಬ್ಬಾ ಗೈಬುಸಾಬ ಸೊಲ್ಲಾಪುರ ರಸ್ತೆದಾಗ ಔಷಧ ಹೊಡಿಯೂ ಪಂಪು ರಿಪೇರಿ ಮಾಡ್ತಾರ. ಆ ನೀಲಿ ಅವರ ಅಂಗಿ ಮ್ಯಾಲೆ ನೋಡೇ ನಾ ಬೆಳೆದೇನಿ. ಮೈಲುತುತ್ತ. ತಾಮ್ರದ ಔಷಧ.

"ಕಾಕಾ, ಇದಕ್ಕ ಮೈಲುತುತ್ತ ಹೊಡದೀರಿ?"

ಕಾಕಾ ಮನಿ ಕಡೆ ಒಮ್ಮೆ ಹೊಳ್ಳಿ ನೋಡಿ, ದನಿ ಸಣ್ಣದು ಮಾಡಿ ನಕ್ಕರು. "ಅಕಿಗೆ ಹೇಳಬ್ಯಾಡ ಮತ್ತ. ಹೋದ ವರ್ಷ ಎಲಿ ತುಂಬ ಚುಕ್ಕಿ ಬಿದ್ದಿದ್ವು. ದೊಡ್ಡ ದೊಡ್ಡ ಸಾಹೇಬ್ರು ಮಷೀನಿನ್ಯಾಗ ಇಟ್ಟು ನೋಡೂ ಎಲಿ ಅವು. ಭಾಗಪ್ಪನ ಮಗಳು ರೋಗದ ಎಲಿ ತಂದಾಳ ಅನ್ನಬೇಕೇನು? ಮಂದಿಗೆ ಛಲೋ ಮಾಲು ಕಳಸ್ತೇನಿ, ಮಗಳಿಗೆ ಕೆಟ್ಟದ್ದು ಕಳಸ್ಲೇನು? ಸಣ್ಣಂಗ ಒಂದ ಕೈ ಹೊಡದೆ ಅಷ್ಟ. ಹರದ ಮ್ಯಾಲೆ ನಾನ ತೊಳದು ಒರಸಿ ಕೊಡ್ತೇನಿ ಯವ್ವಾ, ಎಲ್ಲಿ ಉಳಿತೈತಿ?"

ಹೊಂದಿಸ್ಕೊಂಡು ಬಂದ ಬೈಗಳು ಒಂದೂ ಕೆಲಸಕ್ಕ ಬರಲಿಲ್ಲ. ಹಿಂದ ಕಪ್ಪಿನ ಸಪ್ಪಳ ಆತು. ಹೊಳ್ಳಿ ನೋಡಿದ್ರ ಆಮ್ರಪಾಲಿ ಚಹಾ ಹಿಡಕೊಂಡು ನಿಂತಾಳ. ಎಲ್ಲಾ ಕೇಳ್ಯಾಳ.

ನನಗ ತಡೀಲಿಲ್ಲ. ಮೊಬೈಲಿನ್ಯಾಗ ಧಾರವಾಡದ ಉತ್ತರ ತಗದು ಅಕಿ ಮಾರಿಗೆ ಹಿಡದೆ. "ತಾಮ್ರ ಬೇ. ನೋಡು. ನೀ ಹಾಕೀದಿ ಅಂತ ನಿನ್ನ ಹಿಡ್ಯಾಕನ ಬಂದಿದ್ದೆ" ಅಂದೆ. ಅಕಿ ಓದಿದಳು. ಕಪ್ಪುಗಳನ್ನ ನೆಲಕ್ಕಿಟ್ಟು ಅಲ್ಲೇ ನಿಂತು ಸರ್‌ಗೆ ಫೋನ್ ಹಚ್ಚಿದಳು.

"ಸರ್, ಅಬೇದಾಂದು ಏನೂ ತಪ್ಪಿಲ್ರಿ. ಕೀಲಿ ಅಕಿ ಕಡೇನ ಇರಲ್ರಿ. ನಮ್ಮ ತೋಟದ ಎಲೀನ ಕೆಟ್ಟಾವ್ರಿ. ಈ ವರ್ಷದ ಕೆಲಸ ಎಲ್ಲಾ ತಗದು ಒಗೀಬೇಕ್ರಿ."

ಕಡೀ ಮಾತಿಗೆ ಅಕಿ ದನಿ ಒಡೀತು. ಫೋನ್ ಇಟ್ಟು, ನನ್ನ ಮಾರಿ ನೋಡದ, ಒಂದ ಕಪ್ಪು ನನ್ನ ಕೈಯಾಗ ಕೊಟ್ಟಳು. ನಾ ಗೆದ್ದಿದ್ದೆ. ಚಹಾ ಕುಡೀದ ಕಪ್ಪು ಕೆಳಗಿಟ್ಟೆ.

ಭಾಗಪ್ಪ ಕಾಕಾನ ಮಾರಿ ಸಣ್ಣದಾಗಿತ್ತು. ಅವರು ಸಾಲಿನೊಳಗ ಹೋದ್ರು. ಒಂದೊಂದ ಎಲಿ ಹಿಡದು ಹೊಳ್ಳಿಸಿ, ಹಿಂದ ಮುಂದ ನೋಡಿ, ಬಿಸಲಿಗೆ ಎತ್ತಿ ನೋಡಿ ಮುಂದ ಮುಂದ ಹೊಂಟ್ರು. ಕಡೀಕ ಒಂದ ದೊಡ್ಡ ಎಲಿ ಹರಕೊಂಡು ಬಂದು ಮಗಳ ಕಡೆ ಹೋಗಲಿಲ್ಲ, ನನ್ನ ಮುಂದ ಹಿಡದ್ರು.

"ನೀನರೆ ನೋಡ ಯವ್ವಾ. ಕೆಟ್ಟಾವಂತಾಳಲ್ಲ ಅಕಿ. ಒಂದರೆ ಚುಕ್ಕಿ ಐತೇನು?"

ಎಲಿ ಕೈಯಾಗ ತಗೊಂಡು ಎರಡೂ ಮಗ್ಗಲ ನೋಡಿದೆ.

"ಇಲ್ರಿ ಕಾಕಾ, ಒಂದೂ ಇಲ್ರಿ" ಅಂದೆ.